ರೂಲ್ಸಕ್ಕನಿಗೆ ತಿಗಣೆ ಕಚ್ಚಿದ್ದು

ವಿದ್ಯಾರ್ಥಿನಿಯರ ಆ ಹಾಸ್ಟೆಲ್ಲಿನಲ್ಲಿ ಮೂರು ಮಹಡಿ, ನಲವತ್ತೆರಡು ಕೋಣೆ, ಎಂಬತ್ತನಾಲ್ಕು ಮಂಚ ಮತ್ತು ಅರವತ್ತೊಂದು ನಿಯಮಗಳಿದ್ದವು. ಮಹಡಿ, ಕೋಣೆ, ಮಂಚಗಳನ್ನು ಮಾಡಿಸಿದ್ದು ಆಡಳಿತ ಮಂಡಳಿ. ನಿಯಮಗಳನ್ನು ಮಾತ್ರ ಮೇಲ್ವಿಚಾರಕಿಯೊಬ್ಬರೇ ಹತ್ತೊಂಬತ್ತು ವರ್ಷ ಕೂತು ಒಂದೊಂದಾಗಿ ಕಟ್ಟಿದ್ದರು. ಅವರಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದಿತ್ತು. ಹುಡುಗಿಯರು ಎದುರಿಗೆ 'ಅಕ್ಕಾ' ಎನ್ನುತ್ತಿದ್ದರು, ಬೆನ್ನ ಹಿಂದೆ 'ರೂಲ್ಸಕ್ಕ' ಎನ್ನುತ್ತಿದ್ದರು. ಅವರಿಗೆ ಎರಡೂ ಗೊತ್ತಿತ್ತು. ಎರಡನೆಯದನ್ನು ಯಾರೋ ಸಭೆ ಕರೆದು ಕೊಟ್ಟ ಬಿರುದೆಂದೇ ಒಳಗೊಳಗೆ ನಂಬಿಕೊಂಡಿದ್ದರು.

ರೂಲ್ಸಕ್ಕನಿಗೆ ಮದುವೆಯ ಮಾತು ಎರಡು ಸಲ ಬಂದಿತ್ತು. ಮೊದಲನೆಯವನು ಒದ್ದೆ ಕೊಡೆಯನ್ನು ತಂದು ಕುರ್ಚಿಯ ಮೇಲಿಟ್ಟ. ಎರಡನೆಯವನು ಚಹಾದ ಲೋಟ ಇಟ್ಟ ಕಡೆ ಮೇಜಿನ ಮೇಲೆ ಬಿದ್ದ ವೃತ್ತವನ್ನು ನೋಡಿಯೂ ನೋಡದ ಹಾಗೆ ಕೂತ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಆಮೇಲೆ ಅವರು ಕೈ ಹಿಡಿದದ್ದು ಈ ಹಾಸ್ಟೆಲ್ಲನ್ನೇ. ನೆಲಮಹಡಿಯಲ್ಲಿ, ಬಾಗಿಲಿನ ಪಕ್ಕದಲ್ಲೇ ಅವರ ಕೋಣೆ. ಅಲ್ಲಿ ಮಂಚದ ಮೇಲಿನ ಹೊದಿಕೆ ಅಂಚೆಗೆ ಹಾಕಲು ಸಿದ್ಧವಾದ ಲಕೋಟೆಯ ಹಾಗೆ ನಾಲ್ಕು ಮೂಲೆಯಲ್ಲೂ ಮಡಿಚಿಕೊಂಡಿರುತ್ತಿತ್ತು. ಧೂಳು ಆ ಕೋಣೆಗೆ ಬರುವ ಮುಂಚೆ ಅನುಮತಿ ಕೇಳುತ್ತದೆ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು.

ಅರವತ್ತೊಂದರಲ್ಲಿ ಅವರಿಗೆ ಅಚ್ಚುಮೆಚ್ಚಿನದು ಹದಿನೇಳನೇ ನಿಯಮ. ಹೊರಗಿನಿಂದ ದಿಂಬು, ಮೆತ್ತೆ, ಕಂಬಳಿ, ಹಳೆಯ ಪೀಠೋಪಕರಣ ತರತಕ್ಕದ್ದಲ್ಲ, ತಂದರೆ ಹುಳು ಬರುತ್ತದೆ, ಆದ್ದರಿಂದ ಜಪ್ತಿ ಮಾಡಲಾಗುವುದು. ಪ್ರತಿ ಶನಿವಾರ ಕೋಣೆಕೋಣೆಗೂ ತಪಾಸಣೆ. ಸಿಕ್ಕ ಮೆತ್ತೆಗೆ ಕೋಣೆಯ ಸಂಖ್ಯೆಯ ಚೀಟಿ ಅಂಟಿಸಿ ಹೊತ್ತು ತಂದು ತಮ್ಮ ಮಂಚದ ತಲೆದೆಸೆಯಲ್ಲಿದ್ದ ದೊಡ್ಡ ಕಪಾಟಿನಲ್ಲಿ ಒತ್ತೊತ್ತಿ ಜೋಡಿಸುತ್ತಿದ್ದರು. ರಜೆ ಶುರುವಾಗುವಾಗ ಅವರವರ ಮೆತ್ತೆಯನ್ನು ಅವರವರಿಗೆ ಹಿಂದಿರುಗಿಸುತ್ತಿದ್ದರು, ಜೊತೆಗೆ ಹತ್ತು ನಿಮಿಷದ ಬುದ್ಧಿವಾದ. ಆ ಕಪಾಟಿಗೆ ಜಪ್ತಿ ಕಪಾಟು ಎಂದೇ ಹೆಸರಾಗಿತ್ತು.

ಆ ವರ್ಷ ಕಾಲೇಜು ಶುರುವಾಗಿ ಆರು ವಾರವಾಗಿತ್ತು. ಹದಿನಾಲ್ಕನೇ ಕೋಣೆಯ ಹುಡುಗಿ ಬೆಳಗ್ಗೆ ಎಂಟಕ್ಕೆ ಬಂದು ಅವರ ಮೇಜಿನ ಮುಂದೆ ನಿಂತಳು. ದಪ್ಪ ಕನ್ನಡಕ, ಸಸ್ಯಶಾಸ್ತ್ರದ ವಿದ್ಯಾರ್ಥಿನಿ, ಮಾತು ಕಡಿಮೆ. ಮುಂಗೈಯಲ್ಲಿ ಸಾಲಾಗಿ ಮೂರು ಕೆಂಪು ಗುಳ್ಳೆ. ಕೈಯಲ್ಲೊಂದು ಬಿಳಿ ಕಾಗದ, ಅದರ ಮೇಲೆ ಸೆಲ್ಲೋಟೇಪಿನಲ್ಲಿ ಅಂಟಿಸಿದ ಏನೋ ಒಂದು ಕಂದು ವಸ್ತು.

"ಅಕ್ಕಾ, ನನ್ನ ಹಾಸಿಗೇಲಿ ತಿಗಣೆ ಇದೆ. ಒಂದನ್ನ ಹಿಡಿದು ತಂದಿದ್ದೀನಿ."

ರೂಲ್ಸಕ್ಕ ಕಾಗದವನ್ನು ಕೈಗೆ ತೆಗೆದುಕೊಳ್ಳದೆ, ಕತ್ತನ್ನಷ್ಟೇ ಚಾಚಿ ನೋಡಿದರು. "ಇದು ಸೇಬಿನ ಬೀಜ."

"ಸೇಬಿನ ಬೀಜಕ್ಕೆ ಆರು ಕಾಲಿರಲ್ಲ ಅಕ್ಕಾ."

ಬೀಜಗಳ ವಿಷಯದಲ್ಲಿ ಸಸ್ಯಶಾಸ್ತ್ರದವಳ ಜೊತೆ ವಾದಕ್ಕಿಳಿದದ್ದು ತಪ್ಪಾಯಿತೆಂದು ರೂಲ್ಸಕ್ಕನಿಗೆ ಹೊಳೆಯಿತು. ಆದರೆ ಹಿಂದೆ ಸರಿಯುವುದು ಅವರ ಜಾಯಮಾನದಲ್ಲಿರಲಿಲ್ಲ. "ನೋಡು, ತಿಗಣೆ ಬರೋದು ಕೊಳಕು ಇರೋ ಕಡೆ. ಈ ಕಟ್ಟಡದಲ್ಲಿ ಕೊಳಕಿಲ್ಲ. ಅಂದ್ಮೇಲೆ ಇದ್ರೆ ನಿನ್ನ ಹತ್ರ ಇರಬೇಕು. ದಿನಾ ಸ್ನಾನ ಮಾಡ್ತೀಯ ತಾನೆ?"

ಹುಡುಗಿಯ ಮುಖ ಗುಳ್ಳೆಗಿಂತ ಕೆಂಪಾಯಿತು. ಅಷ್ಟಕ್ಕೇ ಬಿಡದೆ ರೂಲ್ಸಕ್ಕ ದೂರಿನ ಪುಸ್ತಕ ತೆರೆದು, 'ದೂರಿನ ಸ್ವರೂಪ' ಎಂಬಲ್ಲಿ ಮುದ್ದಾದ ಅಕ್ಷರದಲ್ಲಿ 'ವೈಯಕ್ತಿಕ ಸ್ವಚ್ಛತೆಯ ಕೊರತೆ' ಎಂದು ಬರೆದರು. ಹುಡುಗಿಯ ಕೈಯಲ್ಲಿ, ಇನ್ನು ಮುಂದೆ ಶುಚಿಯಾಗಿರುತ್ತೇನೆ ಎಂಬ ಪ್ರತಿಜ್ಞಾಪತ್ರ ಬರೆಸಿ ಸಹಿ ಹಾಕಿಸಿಕೊಂಡರು. ಆರು ಕಾಲಿನ ಸೇಬಿನ ಬೀಜ ಕಸದ ಬುಟ್ಟಿ ಸೇರಿತು. ಸಮಸ್ಯೆ ಬಗೆಹರಿಯಿತು.

ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಮೂರನೇ ಮಹಡಿ ಮುಟ್ಟಿತು. ಸಂಜೆಯೊಳಗೆ ಆ ಹುಡುಗಿಗೆ 'ಹುಳದ ರಾಣಿ' ಎಂದು ಹೆಸರು ಬಿತ್ತು. ಊಟದ ಮನೆಯಲ್ಲಿ ಅವಳ ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿದವು. ಇದನ್ನೆಲ್ಲ ಕಂಡ ಉಳಿದವರಿಗೆ ಜ್ಞಾನೋದಯವಾಯಿತು. ಕಚ್ಚಿದರೆ ಕಚ್ಚಿಸಿಕೊಳ್ಳಬೇಕು, ಬಾಯಿ ಬಿಡಬಾರದು.

ಮುಂದಿನ ಎರಡು ತಿಂಗಳು ತಿಗಣೆಯ ಬಗ್ಗೆ ಒಂದೇ ಒಂದು ದೂರೂ ಬರಲಿಲ್ಲ. ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಕಳಿಸುವ ವರದಿಯಲ್ಲಿ ರೂಲ್ಸಕ್ಕ 'ದೂರುಗಳು: ಇಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದರು. ಬಿರುಬಿಸಿಲಿನಲ್ಲೂ ಹುಡುಗಿಯರು ತುಂಬುತೋಳಿನ ಅಂಗಿ ತೊಟ್ಟು ಓಡಾಡುತ್ತಿರುವುದನ್ನು ಕಂಡು, ಈಗಿನ ಕಾಲದ ಮಕ್ಕಳಿಗೂ ಮರ್ಯಾದೆ ಬಂತಲ್ಲ ಎಂದು ಹಿಗ್ಗಿದರು. ತುರಿಕೆಯ ಮುಲಾಮಿನ ಖಾಲಿ ಟ್ಯೂಬುಗಳು ಕಸದಲ್ಲಿ ರಾಶಿ ಬೀಳುತ್ತಿದ್ದವು. ಅದನ್ನು ಅವರು ಸೌಂದರ್ಯವರ್ಧಕವೆಂದು ತಿಳಿದರು. ಒಬ್ಬಳ ಕೋಣೆಯಲ್ಲಿ ಕಾಟ ಹೆಚ್ಚಾದರೆ ಅವಳು ಚಾದರ ಸುತ್ತಿಕೊಂಡು ಗೆಳತಿಯ ಕೋಣೆಗೆ ಮಲಗಲು ಹೋಗುತ್ತಿದ್ದಳು. ಚಾದರದ ಮಡಿಕೆಯಲ್ಲಿ ಕೂತು ನಾಲ್ಕಾರು ಜೀವಗಳೂ ಹೋಗುತ್ತಿದ್ದವು. ಹಾಸ್ಟೆಲ್ಲಿನ ಹಾಸಿಗೆಯ ಮೇಲೆ ನಂಬಿಕೆ ಕಳೆದುಕೊಂಡ ಕೆಲವರು ಹೊಸ ಮೆತ್ತೆ ತಂದು ನೆಲದಲ್ಲಿ ಮಲಗಿದರು. ಹದಿನೇಳನೇ ನಿಯಮದ ಪ್ರಕಾರ ಅವೆಲ್ಲ ಜಪ್ತಿಯಾದವು. ಅಷ್ಟು ಸಮೃದ್ಧ ಶನಿವಾರಗಳನ್ನು ರೂಲ್ಸಕ್ಕ ತಮ್ಮ ಸೇವಾವಧಿಯಲ್ಲೇ ಕಂಡಿರಲಿಲ್ಲ. ಕಪಾಟಿನ ಬಾಗಿಲನ್ನು ಬೆನ್ನು ಕೊಟ್ಟು ಒತ್ತಿ ಮುಚ್ಚಬೇಕಾಯಿತು.

ಆಮೇಲೆ ಒಂದು ಬೆಳಗ್ಗೆ ಅವರ ಮುಂಗೈಯಲ್ಲಿ ಸಾಲಾಗಿ ಮೂರು ಕೆಂಪು ಗುಳ್ಳೆ ಎದ್ದವು.

ಮೊದಲ ದಿನ ಅದು ಸೊಳ್ಳೆಯಾಗಿತ್ತು. ಎರಡನೇ ದಿನ ಸೋಪು ಬದಲಾಯಿಸಿದರು. ಮೂರನೇ ದಿನ ದೇಹದ ಉಷ್ಣವೆಂದು ನೀರು ಕುಡಿದು ಕುಡಿದು ಹೊಟ್ಟೆ ಉಬ್ಬರಿಸಿಕೊಂಡರು. ನಾಲ್ಕನೇ ದಿನ ಬಟ್ಟೆ ಒಗೆಯುವ ಪುಡಿಯನ್ನು ದೂಷಿಸಿದರು. ಹತ್ತನೇ ದಿನದ ಹೊತ್ತಿಗೆ, ವಯಸ್ಸಾಗುತ್ತಿದ್ದಂತೆ ಚರ್ಮ ಸೂಕ್ಷ್ಮವಾಗುತ್ತದೆ ಎಂಬ ಸಿದ್ಧಾಂತಕ್ಕೆ ಬಂದು ನಿಂತಿದ್ದರು. ತಿಗಣೆಯೊಂದನ್ನು ಬಿಟ್ಟು ಏನನ್ನು ಬೇಕಾದರೂ, ತಮಗೆ ವಯಸ್ಸಾಯಿತೆಂಬುದನ್ನು ಕೂಡ, ಒಪ್ಪಿಕೊಳ್ಳಲು ಅವರು ತಯಾರಿದ್ದರು.

ಹನ್ನೊಂದನೇ ದಿನ ಹೊದಿಕೆ ಬದಲಿಸುವಾಗ, ಹಾಸಿಗೆಯ ಅಂಚಿನ ಹೊಲಿಗೆಯುದ್ದಕ್ಕೂ ಪೆನ್ನಿನ ಮುಳ್ಳಿನಿಂದ ಚುಚ್ಚಿದ ಹಾಗೆ ಕಪ್ಪು ಚುಕ್ಕೆಗಳು ಕಂಡವು. ಉಗುರಿನಿಂದ ಕೆರೆದರೆ ಹೋಗಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ತುಕ್ಕಿನ ಬಣ್ಣಕ್ಕೆ ಹರಡಿದವು. ಹೊಲಿಗೆಯನ್ನು ಬೆರಳಿನಿಂದ ಬಿಡಿಸಿದಾಗ, ಹೊಟ್ಟೆ ತುಂಬಿದ ಒಂದು ತಿಗಣೆ ಯಾವ ಗಡಿಬಿಡಿಯೂ ಇಲ್ಲದೆ, ಮನೆ ನನ್ನದು ಎಂಬ ಗತ್ತಿನಲ್ಲಿ ಆಚೆ ನಡೆದುಹೋಯಿತು. ರೂಲ್ಸಕ್ಕ ಮೊದಲು ಮಾಡಿದ ಕೆಲಸ, ಕೋಣೆಯ ಬಾಗಿಲಿಗೆ ಅಗುಳಿ ಹಾಕಿದ್ದು.

ಒಂದು ವಾರ ಅವರು ಗುಟ್ಟಾಗಿ ಯುದ್ಧ ಮಾಡಿದರು. ನುಸಿಗುಳಿಗೆ ಎರಚಿದರು. ತಿಗಣೆಗಳು ಅದನ್ನು ಸುಗಂಧದ್ರವ್ಯವೆಂದು ತಿಳಿದಂತಿತ್ತು. ಮಂಚದ ಕಾಲಿಗೆ ಸೀಮೆಎಣ್ಣೆ ಬಳಿದರು. ಎರಡು ದಿನ ಅವರಿಗೇ ತಲೆ ಸುತ್ತಿತು. ದೂರದ ಅಂಗಡಿಗೆ ಹೋಗಿ, ಜಿರಲೆಗೆಂದು ಸುಳ್ಳು ಹೇಳಿ ಸ್ಪ್ರೇ ತಂದು ಡಬ್ಬಿಯೆಲ್ಲ ಖಾಲಿಯಾಗುವ ತನಕ ಸಿಂಪಡಿಸಿದರು. ಕೆಲವು ಸತ್ತವು. ಮಿಕ್ಕವು ಗೋಡೆಯ ಬಿರುಕಿನಲ್ಲಿ ಗುಳೆ ಹೊರಟು ಪಕ್ಕದ ಸಂದರ್ಶಕರ ಕೋಣೆಯ ಸೋಫಾದಲ್ಲಿ ನೆಲೆಯೂರಿದವು. ರೂಲ್ಸಕ್ಕ ಈಗ ತುಂಬುತೋಳಿನ ರವಿಕೆ ತೊಡುತ್ತಿದ್ದರು. ಹುಡುಗಿಯರು ಅದನ್ನು ಗಮನಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೊನೆಗೆ ಅವರು ತಂಗಿಗೆ ಫೋನು ಮಾಡಿದರು. ಆ ಫೋನು ಮಾಡುವುದಕ್ಕಿಂತ ಇನ್ನೊಂದು ವಾರ ಕಚ್ಚಿಸಿಕೊಳ್ಳುವುದೇ ವಾಸಿ ಎಂದು ಅವರಿಗೆ ಅನಿಸಿದ್ದಕ್ಕೆ ಕಾರಣವಿತ್ತು. ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ತಂಗಿಯ ಮನೆಗೆ ಎಂಟು ವರ್ಷದ ಹಿಂದೆ ತಿಗಣೆ ಬಂದಿತ್ತು. ಆಗ ಅವಳ ಮಗು ಎಳೆಗೂಸು. ಸಹಾಯಕ್ಕೆ ಬಾ ಅಂದಾಗ ರೂಲ್ಸಕ್ಕ, "ಮೊದ್ಲು ಮನೆ ಶುಚಿಯಾಗಿ ಇಟ್ಕೊಳ್ಳೋದು ಕಲಿ" ಎಂದು ಹೇಳಿ, ಒಂದು ವರ್ಷ ಆ ಕಡೆ ತಲೆ ಹಾಕಿರಲಿಲ್ಲ.

"ಒಬ್ಬರ ಕೋಣೇಲಿ ತಿಗಣೆ ಕಾಣಿಸ್ಕೊಂಡಿದೆ ಕಣೇ," ಎಂದರು ರೂಲ್ಸಕ್ಕ, ಫೋನಿನಲ್ಲಿ ದನಿ ತಗ್ಗಿಸಿ.

"ಯಾರ ಕೋಣೇಲಿ?"

"ಒಬ್ಬ... ಸಿಬ್ಬಂದಿ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಅಕ್ಕ, ಆ ಸಿಬ್ಬಂದಿ ಎಷ್ಟು ದಿನದಿಂದ ಕೆರ್ಕೋತಿದ್ದಾರೆ?"

"ಮೂರು ವಾರ," ಎಂದ ಮೇಲೆ ರೂಲ್ಸಕ್ಕನಿಗೆ ತಾವು ಸಿಕ್ಕಿಬಿದ್ದದ್ದು ಗೊತ್ತಾಯಿತು.

ತಂಗಿ ನಕ್ಕಳು. ಸಣ್ಣ ನಗೆಯಲ್ಲ, ಎಂಟು ವರ್ಷ ಕೂಡಿಟ್ಟ ನಗೆ. ಅತ್ತ ಗಿರಾಕಿಗಳು ಏನಾಯಿತೆಂದು ಕೇಳುವುದೂ ಕೇಳಿಸಿತು. ನಗು ಮುಗಿದ ಮೇಲೆ ಅವಳ ದನಿ ಬದಲಾಯಿತು. "ಸರಿ, ಕೇಳಿಸ್ಕೋ. ಹೊಲಿಗೆ ನೋಡಿದ್ಯಾ? ಮಂಚದ ಕೀಲು ನೋಡು, ಸ್ಕ್ರೂ ತೂತು ನೋಡು, ಗೋಡೆಗೆ ತಾಗಿರೋ ಹಲಗೆ ಹಿಂದೆ ನೋಡು. ಸುಲಿದ ಚಿಪ್ಪು, ಬಿಳೀ ಮೊಟ್ಟೆ ಕಾಣುತ್ತೆ. ಸ್ಪ್ರೇ ಮುಟ್ಟಬೇಡ, ಅದು ಹರಡಿಸುತ್ತೆ ಅಷ್ಟೆ. ಆ ಕೋಣೆಯಿಂದ ಒಂದು ಕರ್ಚೀಫೂ ಹಂಗೇ ಆಚೆ ಹೋಗಬಾರದು. ಹೋದ್ರೆ ಗಂಟು ಕಟ್ಟಿದ ಚೀಲದಲ್ಲಿ ಹೋಗಬೇಕು, ಸೀದಾ ಬಿಸಿನೀರಿಗೆ. ಔಷಧಿ ಹೊಡೆಯೋರನ್ನ ಕರೆಸು, ನಂಬರ್ ಕೊಡ್ತೀನಿ."

"ಕರೆಸಿದ್ರೆ ಎಲ್ರಿಗೂ ಗೊತ್ತಾಗುತ್ತಲ್ಲೇ!"

"ಗೊತ್ತಾಗ್ಲಿ ಅಂತಾನೇ ಕರೆಸೋದು. ನಿನ್ನೊಬ್ಬಳನ್ನೇ ಕಚ್ಚಿ ಸುಮ್ನಿರೋಕೆ ಅದೇನು ನಿನ್ನ ಸಂಬಂಧಿಕಾನಾ?"

ಔಷಧಿ ಹೊಡೆಯುವವರು ಭಾನುವಾರ ಹತ್ತು ಗಂಟೆಗೆ ಬಂದರು. ಅರವತ್ತರ ಆಸುಪಾಸಿನ ಸಾವಧಾನದ ಮನುಷ್ಯ. ಯಾರಾದರೂ ಕೇಳಿದರೆ ವಿದ್ಯುತ್ ರಿಪೇರಿಗೆ ಬಂದಿದ್ದೇನೆ ಅನ್ನಿ ಎಂದು ರೂಲ್ಸಕ್ಕ ಮೊದಲೇ ಫೋನಿನಲ್ಲಿ ಗೋಗರೆದಿದ್ದರು. "ಎಲ್ಲಾ ಕಡೆ ಹಂಗೇ ಹೇಳ್ತಾರಮ್ಮ," ಎಂದರು ಅವರು, ಚೀಲದಿಂದ ಟಾರ್ಚನ್ನೂ ಒಂದು ತೆಳು ಪ್ಲಾಸ್ಟಿಕ್ ಪಟ್ಟಿಯನ್ನೂ ತೆಗೆಯುತ್ತಾ. "ಈ ಊರಲ್ಲಿ ನನ್ನಷ್ಟು ಕರೆಂಟ್ ಕೆಲಸ ಮಾಡ್ದೋರು ಯಾರೂ ಇಲ್ಲ."

ಹಾಸಿಗೆಯ ಹೊಲಿಗೆಗಳಲ್ಲಿ, ಮಂಚದ ಕೀಲುಗಳಲ್ಲಿ ಪಟ್ಟಿ ಆಡಿಸಿ, ತಲೆಯಾಡಿಸಿದರು. ಸ್ವಿಚ್ಚಿನ ಹಲಗೆ ಬಿಚ್ಚಿ ಒಳಗೆ ಬೆಳಕು ಬಿಟ್ಟರು. ಆಮೇಲೆ ಮೂಗರಳಿಸಿ ಗಾಳಿ ಎಳೆದುಕೊಂಡು, ಕಪಾಟಿನ ಕಡೆ ತಿರುಗಿದರು. "ಇದರಲ್ಲೇನಿದೆ?"

"ಜಪ್ತಿ ಮಾಡಿದ ಸಾಮಾನು. ಹುಡುಗೀರು ಹೊರಗಿಂದ ತಂದದ್ದು. ಹುಳು ಬರುತ್ತೆ ಅಂತ ನಾನು..."

ಬಾಗಿಲು ತೆರೆದೊಡನೆ ಕೊಳೆತ ಹಣ್ಣಿನ ಹಾಗೆ ಸಿಹಿಗಮಟು ವಾಸನೆ ಹೊರಬಿತ್ತು. ಅವರು ಒಂದು ಮೆತ್ತೆಯ ಜಿಪ್ಪು ಸರಿಸಿ ಟಾರ್ಚು ಹಿಡಿದರು. ರೂಲ್ಸಕ್ಕ ಬಗ್ಗಿ ನೋಡಿದರು. ಅಲ್ಲಿ ಒಂದಲ್ಲ ಎರಡಲ್ಲ, ಅಜ್ಜಿ ಮೊಮ್ಮಕ್ಕಳ ಸಮೇತ ಇಡೀ ವಂಶವೇ ಕೂತಿತ್ತು.

"ಅಮ್ಮಾ, ಒಂದೊಂದು ಕೋಣೆಯಿಂದ ಒಂದೊಂದು ಮೆತ್ತೆ ತಂದು ಒಂದೇ ಕಡೆ ಸೇರ್ಸಿದ್ದೀರಿ. ಆಮೇಲೆ ವಾಪಸ್ ಕೊಡ್ತೀರಾ?"

"ರಜೇಲಿ... ಚೀಟಿ ಅಂಟ್ಸಿ."

"ಅಂದ್ರೆ ಒಂದು ಕೋಣೇದು ಎಲ್ಲಾ ಕೋಣೆಗೂ ಹೋಗುತ್ತೆ. ಎಷ್ಟು ವರ್ಷದಿಂದ?"

ರೂಲ್ಸಕ್ಕ ವರ್ಷದ ಲೆಕ್ಕ ಬಿಟ್ಟು, ಮಗುವಿನ ಹಾಗೆ ಕೇಳಿದರು. "ನನ್ನ ಕೋಣೆ ಶುಚಿಯಾಗೇ ಇದೆಯಲ್ಲಾ?"

"ಥಳಥಳ ಅಂತಿದೆ. ಆದ್ರೆ ಅದಕ್ಕೆ ಬೇಕಾದ್ದು ನಿಮ್ಮ ರಕ್ತ, ನಿಮ್ಮ ನೆಲ ಅಲ್ಲ. ಅರಮನೆಗೂ ಹೋಗಿ ಬಂದಿದ್ದೀನಿ, ಗುಡಿಸಲಿಗೂ ಹೋಗಿ ಬಂದಿದ್ದೀನಿ. ಸಾಮಾನು ಕಮ್ಮಿ ಇದ್ರೆ ಹುಡುಕೋಕೆ ಸಲೀಸು, ಅಷ್ಟೇ ವ್ಯತ್ಯಾಸ." ಅವರು ಕಪಾಟಿನ ಬಾಗಿಲು ಮುಚ್ಚಿ, ಸಂದಿಗಳಿಗೆಲ್ಲ ಅಗಲವಾದ ಟೇಪು ಅಂಟಿಸಿದರು. "ಮೊದಲು ಕಚ್ಚಿಸ್ಕೊಂಡೋರು ಯಾರು? ಅವರ ಕೋಣೆ, ಅದರ ಎಡಬಲ, ಮೇಲೆ ಕೆಳಗೆ ನೋಡಬೇಕು. ಯಾರೂ ಹೇಳೇ ಇಲ್ವಾ ನಿಮಗೆ?"

"ಹೇಳಿದ್ಲು," ಎಂದರು ರೂಲ್ಸಕ್ಕ. "ಒಬ್ಬಳು ಹೇಳಿದ್ಲು."

ಕಾರ್ಯದರ್ಶಿಗೆ ತಿಳಿಸಿದಾಗ ಅವರು ಬುದ್ಧಿವಂತಿಕೆಯ ಸಲಹೆಯನ್ನೇ ಕೊಟ್ಟರು. ಮರಗೆಲಸದ ದುರಸ್ತಿ ಎಂದು ಸೂಚನೆ ಹಾಕಿ, ರಜೆಯಲ್ಲಿ ಸದ್ದಿಲ್ಲದೆ ಮುಗಿಸಿಬಿಡಿ, ಹಾಸ್ಟೆಲ್ಲಿನ ಹೆಸರು ಮುಖ್ಯ. ಮೂರು ವಾರದ ಹಿಂದಾಗಿದ್ದರೆ ರೂಲ್ಸಕ್ಕ ಆ ಸೂಚನೆಯನ್ನು ಕಾರ್ಯದರ್ಶಿಗಿಂತ ಚೆನ್ನಾಗಿ ಬರೆಯುತ್ತಿದ್ದರು. ಈಗ "ರಜೆಗೆ ಇನ್ನೂ ಏಳು ವಾರ ಇದೆ ಸಾರ್, ಅವು ಕಾಯಲ್ಲ" ಎಂದು ಫೋನಿಟ್ಟರು.

ಅದೇ ಸಂಜೆ ಊಟದ ಮನೆಯಲ್ಲಿ ಎಲ್ಲರನ್ನೂ ಸೇರಿಸಿದರು. ಎದ್ದು ನಿಂತರು. ಹತ್ತೊಂಬತ್ತು ವರ್ಷ ಆ ಜಾಗದಲ್ಲಿ ನಿಂತು ಬೇರೆಯವರ ತಪ್ಪುಗಳನ್ನೇ ಓದಿ ಅಭ್ಯಾಸ. ಈ ಸಲ ಎಡಗೈಯ ರವಿಕೆಯ ತೋಳನ್ನು ಮೇಲಕ್ಕೆ ಮಡಿಚಿ, ಮೊಣಕೈವರೆಗೂ ಸಾಲುಗಟ್ಟಿದ್ದ ಗುಳ್ಳೆಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದರು.

"ಇದು ತಿಗಣೆ. ನನ್ನ ಹಾಸಿಗೇಲಿದೆ. ಜಪ್ತಿ ಕಪಾಟಿನಲ್ಲಿ ಇನ್ನೂ ಜಾಸ್ತಿ ಇದೆ. ಅಲ್ಲಿಂದ ನಿಮ್ಮ ಕೋಣೆಗಳಿಗೆ ನಾನೇ ಸಾಗಿಸಿರಬೇಕು. ಹದಿನಾಲ್ಕನೇ ಕೋಣೆಯವಳು ಮೊದಲೇ ಹೇಳಿದ್ಲು. ಅವಳ ಮೇಲೇ ಗೂಬೆ ಕೂರಿಸಿ ಕಳಿಸ್ದೆ. ಅದು ನನ್ನ ತಪ್ಪು. ಇನ್ಯಾರಿಗೆ ಕಚ್ಚಿದೆ?"

ಹಿಂದಿನ ಸಾಲಿನಲ್ಲಿ ಒಬ್ಬಳು ತೋಳು ಮಡಿಚಿದಳು. ಆಮೇಲೆ ಪಕ್ಕದವಳು. ಆಮೇಲೆ, ಮಳೆ ಶುರುವಾದ ಹಾಗೆ, ಎಲ್ಲ ಕಡೆಯೂ ತೋಳುಗಳು ಮೇಲೇರಿದವು. ಇಪ್ಪತ್ತಮೂರು ಕೋಣೆಗಳು. 'ಹುಳದ ರಾಣಿ' ಎಂದು ಹೆಸರಿಟ್ಟವಳ ಕುತ್ತಿಗೆಯಲ್ಲೇ ಒಂಬತ್ತು ಗುಳ್ಳೆಗಳಿದ್ದವು. ಅದಕ್ಕೇ ಅವಳು ಎರಡು ತಿಂಗಳಿಂದ ಶಾಲು ಸುತ್ತಿಕೊಂಡು, ಗಂಟಲು ನೋವೆಂದು ಹೇಳಿಕೊಂಡು ತಿರುಗುತ್ತಿದ್ದಳು.

ಮಾರನೆಯ ಬೆಳಗ್ಗೆ ರೂಲ್ಸಕ್ಕ ಪ್ರತಿಜ್ಞಾಪತ್ರ ಹಿಡಿದು ಹದಿನಾಲ್ಕನೇ ಕೋಣೆಯ ಬಾಗಿಲು ತಟ್ಟಿದರು. ದೂರಿನ ಪುಸ್ತಕವನ್ನೂ ತಂದಿದ್ದರು. ಹುಡುಗಿಯ ಎದುರಿಗೇ 'ವೈಯಕ್ತಿಕ ಸ್ವಚ್ಛತೆಯ ಕೊರತೆ' ಎಂಬುದನ್ನು ಹೊಡೆದುಹಾಕಿ, 'ತಿಗಣೆ. ದೂರು ನಿಜ. ಮೇಲ್ವಿಚಾರಕಿ ನಿರ್ಲಕ್ಷಿಸಿದರು' ಎಂದು ಬರೆದು ಸಹಿ ಹಾಕಿದರು. ಹುಡುಗಿ ಓದಿದಳು. ಪ್ರತಿಜ್ಞಾಪತ್ರವನ್ನು ತೆಗೆದುಕೊಂಡು ನಾಲ್ಕಾಗಿ ಹರಿದಳು.

"ಪುಸ್ತಕದಲ್ಲಿ ತಿದ್ದಿದ್ರಿ. ಹತ್ತಿರ ಹತ್ತಿರ ಮೂರು ತಿಂಗಳು ಒಬ್ಬಳೇ ಕೂತು ಊಟ ಮಾಡಿದ್ನಲ್ಲ ಅಕ್ಕಾ, ಅದನ್ನ ಎಲ್ಲಿ ತಿದ್ತೀರಿ?"

ರೂಲ್ಸಕ್ಕನ ಹತ್ತಿರ ಅದಕ್ಕೆ ನಿಯಮವಿರಲಿಲ್ಲ. ಪುಸ್ತಕ ಮುಚ್ಚಿಕೊಂಡು ಕೆಳಗಿಳಿದು ಬಂದರು. ಆ ಹುಡುಗಿ ಪರೀಕ್ಷೆ ಮುಗಿದ ಮೇಲೆ ಇಬ್ಬರು ಗೆಳತಿಯರ ಜೊತೆ ಬೇರೆ ಬಾಡಿಗೆ ಮನೆಗೆ ಹೋದಳು. ಹೋಗುವಾಗ ಹೇಳಿ ಹೋದಳು, ಅಷ್ಟೆ.

ಕೆಲಸ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಬಟ್ಟೆಗಳೆಲ್ಲ ಗಂಟು ಕಟ್ಟಿದ ಚೀಲಗಳಲ್ಲಿ ಇಳಿದು ಬಂದು ಕುದಿಯುವಂಥ ನೀರಿನಲ್ಲಿ ಮುಳುಗಿ, ಬಿಸಿಗಾಳಿಯ ಯಂತ್ರದಲ್ಲಿ ಒಣಗಿ, ಬೇರೆ ಹೊಸ ಚೀಲಗಳಲ್ಲಿ ಹತ್ತಿ ಹೋದವು. ಮಂಚಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆಳೆದರು. ಔಷಧಿಯವರು ಒಂದು ಸಲ ಹೊಡೆದು, ಮೊಟ್ಟೆಯೊಡೆದು ಬರುವ ಮರಿಗಳಿಗಾಗಿ ಎರಡು ವಾರ ಬಿಟ್ಟು ಮತ್ತೆ ಹೊಡೆದರು. ಒಂಬತ್ತು ಕೋಣೆಗಳಿಗೆ ಮೂರನೇ ಸಲವೂ ಬೇಕಾಯಿತು. ಕಪಾಟಿನ ಮೆತ್ತೆಗಳು ಚೀಟಿಯ ಸಮೇತ ಬೂದಿಯಾದವು. ಹಾಸಿಗೆಗಳಿಗೆ ಪೂರ್ತಿ ಮುಚ್ಚುವ ಜಿಪ್ಪಿನ ಕವಚ ಬೇಕೆಂದಾಗ ತಂಗಿ ಹೊಲಿಗೆ ಯಂತ್ರವನ್ನೇ ಹೊತ್ತು ತಂದು ಹನ್ನೆರಡು ದಿನ ಊಟದ ಮನೆಯಲ್ಲಿ ಕೂತಳು. ಅಕ್ಕ ಬಟ್ಟೆ ಹಿಡಿದರು, ತಂಗಿ ಹೊಲಿದಳು.

"ಆ ವರ್ಷ ನೀನು ಬರ್ಲೇ ಇಲ್ಲ," ಎಂದಳು ತಂಗಿ ಒಂದು ಮಧ್ಯಾಹ್ನ, ಸೂಜಿಗೆ ದಾರ ಪೋಣಿಸುತ್ತಾ.

"ಬರಬೇಕಿತ್ತು," ಎಂದರು ರೂಲ್ಸಕ್ಕ.

"ಬಟ್ಟೆ ಸರಿಯಾಗಿ ಹಿಡ್ಕೋ, ಓರೆ ಹೋಗ್ತಿದೆ," ಎಂದಳು ತಂಗಿ.

ನಿಯಮಗಳು ಅರವತ್ತೊಂದರಿಂದ ನಲವತ್ತಕ್ಕಿಳಿದವು. ಅದಕ್ಕಿಂತ ಕೆಳಗಿಳಿಸಲು ರೂಲ್ಸಕ್ಕನಿಗೆ ಮನಸ್ಸು ಬರಲಿಲ್ಲ, ಎಷ್ಟೆಂದರೂ ಹೆತ್ತ ಕರುಳು. ಹೊಸದಾಗಿ ಸೇರಿದ ಒಂದು ನಿಯಮ ಮಾತ್ರ ಅವರಿಗೇ ಅನ್ವಯಿಸುವಂಥದ್ದು. ತಿಗಣೆ ಕಂಡೆನೆಂದು ಯಾರು ಬಂದರೂ ಕೋಣೆಯ ಸಂಖ್ಯೆ ಬಿಟ್ಟು ಬೇರೇನೂ ಕೇಳತಕ್ಕದ್ದಲ್ಲ. ಮುಂದಿನ ವರ್ಷ ಹೊಸ ಹುಡುಗಿಯರು ಬಂದ ದಿನ ಅವರೇ ಟಾರ್ಚು ಹಿಡಿದು, ಸೂಟ್‌ಕೇಸನ್ನು ಹಾಸಿಗೆಯ ಮೇಲಿಡಬೇಡಿ, ಬೀದಿಯಲ್ಲಿ ಯಾರೋ ಬಿಟ್ಟುಹೋದ ಕುರ್ಚಿ ಎಷ್ಟೇ ಚೆನ್ನಾಗಿದ್ದರೂ ತರಬೇಡಿ, ಇಲ್ಲಿ ನೋಡಿ ಹೊಲಿಗೆ, ಇಲ್ಲಿ ನೋಡಿ ಕೀಲು ಎಂದು ತೋರಿಸಿಕೊಟ್ಟರು. ಮಗಳನ್ನು ಸೇರಿಸಲು ಬಂದಿದ್ದ ಒಬ್ಬ ತಂದೆಗೆ ಇದನ್ನು ಕೇಳಿ ಗಾಬರಿಯಾಯಿತು.

"ಇಲ್ಲಿ ತಿಗಣೆ ಇತ್ತಾ?"

"ಇತ್ತು. ನಮ್ಮ ಎದುರು ಬೀದಿಯ ಹಾಸ್ಟೆಲ್ಲಿನಲ್ಲಿ ಇಲ್ಲ ಅಂತಾರೆ. ವಿಚಾರಿಸಿ ನೋಡಿ."

ತಂದೆ ಮಗಳನ್ನು ಕರೆದುಕೊಂಡು ತಕ್ಷಣ ಎದುರು ಬೀದಿಗೆ ಹೋದರು. ತಿಂಗಳು ಕಳೆದಿತ್ತೋ ಇಲ್ಲವೋ, ಆ ಹಾಸ್ಟೆಲ್ಲಿನ ಮೇಲ್ವಿಚಾರಕರು ಒಂದು ಮಧ್ಯಾಹ್ನ ರೂಲ್ಸಕ್ಕನ ಮೇಜಿನ ಮುಂದೆ ಬಂದು ಕೂತರು. ಅಂಗಿಯ ತೋಳಿನ ಗುಂಡಿಯನ್ನು ಮುಂಗೈವರೆಗೂ ಬಿಗಿಯಾಗಿ ಹಾಕಿಕೊಂಡಿದ್ದರು. ಹವಾಮಾನದ ಬಗ್ಗೆ ಮಾತಾಡಿದರು, ನೀರಿನ ಟ್ಯಾಂಕಿನ ಬಗ್ಗೆ ಮಾತಾಡಿದರು. ಏಳುವಾಗ, ಈಗಷ್ಟೇ ನೆನಪಾದವರಂತೆ, ಔಷಧಿಯವರ ನಂಬರ್ ಇದೆಯಾ ಎಂದು ಕೇಳಿದರು. "ನಮಗಲ್ಲ, ನಮ್ಮ ಭಾವನ ಮನೆಗೆ."

ರೂಲ್ಸಕ್ಕ ನಂಬರ್ ಬರೆದುಕೊಟ್ಟರು. "ಭಾವನೋರಿಗೆ ಸ್ಪ್ರೇ ಹೊಡೀಬೇಡಿ ಅನ್ನಿ," ಎಂದು ಹೇಳಿ, ಕೇಳಬೇಕೆನಿಸಿದ್ದ ಉಳಿದ ಪ್ರಶ್ನೆಗಳನ್ನೆಲ್ಲ ನುಂಗಿಕೊಂಡು, ಅವರನ್ನು ಬಾಗಿಲ ತನಕ ಕಳಿಸಿ ಬಂದರು.